ಲಾರಿಯಲ್ಲಿ ಬರುವ ಮನೆ, ಸಾಲದ ಮೇಲೆ ನಿಂತ ಷೇರು

ದಮ್ಮಾಮ್‌ನಲ್ಲಿ ಕೆಲಸ ಮಾಡುವ ನಮ್ಮ ಸಂಬಂಧದ ಹುಡುಗನೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದಾಗ ಮೊಬೈಲ್ ಹಿಡಿದುಕೊಂಡು ಪಕ್ಕದಲ್ಲಿ ಬಂದು ಕುಳಿತ. ‘ಕಾಕ, ಇದೊಂದು ನೋಡಿ. ಅಮೆರಿಕದ ಕಂಪೆನಿ. ಮನೆಯನ್ನು ಫ್ಯಾಕ್ಟರಿಯಲ್ಲೇ ಮಾಡಿ ಲಾರಿಯಲ್ಲಿ ಕಳಿಸ್ತಾರೆ. ಇದರ ಷೇರು ತೆಗೆದರೆ ಹೇಗೆ?’ ನಾನು ಏನಾದರೂ ಹೇಳುವ ಮೊದಲೇ ಅವನೇ ಮುಂದುವರಿಸಿದ: ‘ಬ್ಯಾಂಕ್ ಅಲ್ಲ, ಮದ್ಯ ಅಲ್ಲ. ಮನೆ ಮಾಡುವ ಕೆಲಸ. ಇದರಲ್ಲಿ ಹರಾಮ್ ಎಂತ ಉಂಟು?’

ಕಂಪೆನಿಯ ಹೆಸರು ಕ್ಯಾವ್ಕೊ ಇಂಡಸ್ಟ್ರೀಸ್. ಅರಿಝೋನಾ ರಾಜ್ಯದ ಫೀನಿಕ್ಸ್ ನಗರದ್ದು, 1965ರಲ್ಲಿ ಶುರುವಾದದ್ದು. ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಅಷ್ಟು ಸಣ್ಣದಲ್ಲ. ಗಲ್ಫ್‌ನಲ್ಲಿರುವ ನಮ್ಮ ಹುಡುಗರ ಕೈಯಲ್ಲಿ ಇವತ್ತು ಅಮೆರಿಕದ ಷೇರು ಕೊಳ್ಳುವ ಆ್ಯಪ್ ಇದೆ. ಊರಿನಲ್ಲಿರುವವರೂ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಹಾಗಾಗಿ ಇದು ಬರೀ ಒಬ್ಬ ಹುಡುಗನ ಪ್ರಶ್ನೆ ಅಲ್ಲ.

ನಮಗೆ ಮನೆ ಅಂದರೆ ಪಂಚಾಂಗ, ಕೆಂಪುಕಲ್ಲು, ಮೇಸ್ತ್ರಿಯ ಹಿಂದೆ ಎರಡು ವರ್ಷದ ಓಡಾಟ. ಅಮೆರಿಕದ ಈ ಮನೆ ಬೇರೆ ಜಾತಿಯದು. ಕಾರ್ಖಾನೆಯ ಮಾಡಿನ ಕೆಳಗೆ ಉಕ್ಕಿನ ಚಾಸಿಯ ಮೇಲೆ ನೆಲ, ಗೋಡೆ, ಛಾವಣಿ, ಅಡುಗೆಕೋಣೆ ಎಲ್ಲ ಕೂಡುತ್ತದೆ. ಮಳೆಯಿರಲಿ ಹಿಮವಿರಲಿ ಕೆಲಸ ನಿಲ್ಲುವುದಿಲ್ಲ. ಆಮೇಲೆ ಒಂದು ಅಥವಾ ಎರಡು ತುಂಡಾಗಿ ಹೆದ್ದಾರಿಯಲ್ಲಿ ಎಳೆದುಕೊಂಡು ಹೋಗಿ ಜಾಗದಲ್ಲಿ ಕೂರಿಸುತ್ತಾರೆ. ಒಮ್ಮೆ ಕೂತ ಮೇಲೆ ಹೆಚ್ಚಿನವು ಮತ್ತೆ ಕದಲುವುದೇ ಇಲ್ಲ. 1974ರ ಕಾನೂನಿನಂತೆ 1976ರ ಜೂನ್‌ನಿಂದ ಅಲ್ಲಿಯ ಕೇಂದ್ರ ವಸತಿ ಇಲಾಖೆಯ ಒಂದೇ ಗುಣಮಟ್ಟ ಇಡೀ ದೇಶಕ್ಕೆ ಅನ್ವಯವಾಗುತ್ತಿದೆ. ಅದಕ್ಕಿಂತ ಹಿಂದಿನವನ್ನು ಮೊಬೈಲ್ ಹೋಮ್ ಅನ್ನುತ್ತಿದ್ದರು, ಈಗಿನದ್ದು ಮ್ಯಾನುಫ್ಯಾಕ್ಚರ್ಡ್ ಹೋಮ್.

ಬೆಲೆಯೇ ಇದರ ದೊಡ್ಡ ಬಲ. 2023ರಲ್ಲಿ ಇಂಥ ಹೊಸ ಮನೆಯ ಸರಾಸರಿ ಬೆಲೆ ಸುಮಾರು 1 ಲಕ್ಷ 24 ಸಾವಿರ ಡಾಲರ್. ಜಾಗದಲ್ಲೇ ಕಟ್ಟುವ ಹೊಸ ಮನೆಗೆ, ನೆಲದ ಬೆಲೆ ಬಿಟ್ಟು, ಅದರ ಮೂರು ಪಟ್ಟಿಗಿಂತ ಹೆಚ್ಚು. ಕಟ್ಟಿದ ಮನೆ ಸಣ್ಣ ಸಂಬಳದವರ ಕೈ ಮೀರಿ ಹೋಗಿರುವ ದೇಶದಲ್ಲಿ ಅಗ್ಗದ ಮನೆ ಮಾಡುವವನಿಗೆ ಗಿರಾಕಿ ಸಿಗದೇ ಇರುತ್ತದೆಯೇ? ಷೇರು ಮಾರುವವರು ಹೇಳುವುದು ಇದನ್ನೇ. ನಮ್ಮ ಹುಡುಗನೂ ಇದನ್ನೇ ಓದಿದ್ದ.

ಆದರೆ ಸಾಗಣೆಯ ಲೆಕ್ಕ ಬೇರೆ ಹೇಳುತ್ತದೆ. 1998ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಇಂಥ ಸುಮಾರು 3 ಲಕ್ಷ 73 ಸಾವಿರ ಮನೆಗಳು ಹೊರಟವು. 2009ರಲ್ಲಿ 50 ಸಾವಿರವೂ ತುಂಬಲಿಲ್ಲ. 2024ರಲ್ಲಿ 1 ಲಕ್ಷ 3 ಸಾವಿರ. ಅಂದರೆ ಕಾಲು ಶತಮಾನ ಕಳೆದು, ಮನೆಯ ಅಭಾವ ಇಷ್ಟು ಹೆಚ್ಚಿದ ಮೇಲೂ ಹಳೆಯ ಎತ್ತರದ ಮೂರನೇ ಒಂದು ಪಾಲೂ ಇಲ್ಲ. ಮನೆ ಕೆಟ್ಟದಾಯಿತೇ? ಇಲ್ಲ, ಮೊದಲಿಗಿಂತ ಎಷ್ಟೋ ಗಟ್ಟಿಯಾಗಿದೆ. ಕೆಟ್ಟದ್ದು ಸಾಲ.

ಆ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಮನೆ ಕೊಳ್ಳುವ ಬಹಳಷ್ಟು ಜನರಿಗೆ ನೆಲ ಸ್ವಂತದ್ದಲ್ಲ. ಇನ್ನೊಬ್ಬರ ಜಾಗಕ್ಕೆ ತಿಂಗಳ ಬಾಡಿಗೆ ಕೊಟ್ಟು ಅದರ ಮೇಲೆ ತಮ್ಮ ಮನೆ ಇಡುತ್ತಾರೆ. ನೆಲವಿಲ್ಲದ ಮನೆಯನ್ನು ಕಾನೂನು ಸ್ಥಿರಾಸ್ತಿ ಎಂದು ನೋಡುವುದಿಲ್ಲ, ಕಾರು ಬೈಕಿನ ಹಾಗೆ ಚರಾಸ್ತಿ ಎಂದು ನೋಡುತ್ತದೆ. ಚರಾಸ್ತಿಯ ಮೇಲಿನ ಸಾಲಕ್ಕೆ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಕಂತು ತಪ್ಪಿದರೆ ಮನೆ ಎಳೆದುಕೊಂಡು ಹೋಗುವುದು ಸುಲಭ. ಅಮೆರಿಕದಲ್ಲಿ ಸಾಮಾನ್ಯ ಮನೆಸಾಲಗಳನ್ನು ಕೊಂಡು ಬ್ಯಾಂಕಿಗೆ ಮತ್ತೆ ಹಣ ಒದಗಿಸುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ದೊಡ್ಡ ಸಂಸ್ಥೆಗಳಿವೆ. ಅವು ಈ ಚರಾಸ್ತಿ ಸಾಲವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ಸಾಲ ಕೊಡುವವರು ಬೆರಳೆಣಿಕೆಯಷ್ಟೇ. ಅವರ ಕೈ ಬಿಗಿಯಾದ ದಿನ ಕಾರ್ಖಾನೆಯ ಬಾಗಿಲೂ ಅರ್ಧ ಮುಚ್ಚುತ್ತದೆ.

1990ರ ದಶಕದಲ್ಲಿ ಆದದ್ದು ಇದರ ತಿರುಗುಮುರುಗು. ಗ್ರೀನ್ ಟ್ರೀ ಫೈನಾನ್ಶಿಯಲ್ ಎಂಬ ಕಂಪೆನಿ ಸಿಕ್ಕಸಿಕ್ಕವರಿಗೆಲ್ಲ ಸಾಲ ಹಂಚಿತು. ವರ್ಷ ಕಳೆದಂತೆ ಬೆಲೆ ಇಳಿಯುವ ಮನೆಗೆ ಮೂವತ್ತು ವರ್ಷದ ಕಂತು! ಸಾಲಗಳನ್ನು ಕಟ್ಟು ಕಟ್ಟಾಗಿ ಹೂಡಿಕೆದಾರರಿಗೆ ಮಾರಿ, ಮುಂದೆ ಎಂದೋ ಬರಬೇಕಾದ ಲಾಭವನ್ನು ಇವತ್ತೇ ಬಂದಿದೆ ಎಂದು ಲೆಕ್ಕಕ್ಕೆ ಬರೆದುಕೊಂಡರು. 1998ರಲ್ಲಿ ಕಾನ್‌ಸೆಕೊ ಎಂಬ ವಿಮಾ ಕಂಪೆನಿ 600 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಗ್ರೀನ್ ಟ್ರೀಯನ್ನು ಕೊಂಡಿತು. ಕಂತು ಕಟ್ಟಲಾಗದವರ ಮನೆಗಳು ರಾಶಿ ರಾಶಿಯಾಗಿ ವಾಪಸ್ ಬಂದವು. ಎಳೆದು ತಂದ ಹಳೆ ಮನೆ ಅಗ್ಗಕ್ಕೆ ಸಿಗುವಾಗ ಹೊಸ ಮನೆ ಯಾರು ಕೊಳ್ಳುತ್ತಾರೆ? 2002ರ ಡಿಸೆಂಬರ್‌ನಲ್ಲಿ ಕಾನ್‌ಸೆಕೊ ದಿವಾಳಿ. ಅದಕ್ಕೆ ಒಂದು ತಿಂಗಳು ಮೊದಲು ಓಕ್‌ವುಡ್ ಹೋಮ್ಸ್ ದಿವಾಳಿ. ಪೆಟ್ಟಿನಿಂದ ಏಳದ ಫ್ಲೀಟ್‌ವುಡ್ ಮತ್ತು ಚಾಂಪಿಯನ್ 2009ರಲ್ಲಿ, ಪಾಮ್ ಹಾರ್ಬರ್ 2010ರಲ್ಲಿ ಅದೇ ದಾರಿ ಹಿಡಿದವು. ಇವೆಲ್ಲ ಮನೆ ಮಾಡಲು ಬಾರದ ಕಂಪೆನಿಗಳಲ್ಲ.

ಬಿದ್ದವರ ಸೊತ್ತನ್ನು ಕೊಂಡವರೇ ಇವತ್ತಿನ ದೊಡ್ಡವರು. ಕ್ಯಾವ್ಕೊ ಫ್ಲೀಟ್‌ವುಡ್ಡನ್ನೂ ಪಾಮ್ ಹಾರ್ಬರನ್ನೂ ಕೈಗೆ ತೆಗೆದುಕೊಂಡಿತು. ವಾರನ್ ಬಫೆಟ್ 2003ರಲ್ಲಿ 170 ಕೋಟಿ ಡಾಲರ್‌ಗೆ ಕ್ಲೇಟನ್ ಹೋಮ್ಸ್ ಕೊಂಡರು. ಟೆನೆಸ್ಸಿಯ ಕೆಲವು ಕಾಲೇಜು ವಿದ್ಯಾರ್ಥಿಗಳು ಸ್ಥಾಪಕ ಜಿಮ್ ಕ್ಲೇಟನ್ ಅವರ ಆತ್ಮಕಥೆಯನ್ನು ಉಡುಗೊರೆಯಾಗಿ ಕೊಟ್ಟರಂತೆ, ಓದಿದ ಬಫೆಟ್ ಕಂಪೆನಿಯನ್ನೇ ಕೊಂಡರು. ಈಗ ಅಮೆರಿಕದ ಇಂಥ ಹೊಸ ಮನೆಗಳಲ್ಲಿ ಸುಮಾರು ಅರ್ಧ ಕ್ಲೇಟನ್‌ನದು. ಅದರ ಷೇರು ಪ್ರತ್ಯೇಕವಾಗಿ ಸಿಗುವುದಿಲ್ಲ, ಬಫೆಟ್ ಅವರ ಬರ್ಕ್‌ಷೈರ್ ಕೊಳ್ಳಬೇಕು. ಬರ್ಕ್‌ಷೈರ್ ಎಂದರೆ ಮುಖ್ಯವಾಗಿ ವಿಮೆ. ಪೇಟೆಯಲ್ಲಿ ನೇರವಾಗಿ ಸಿಗುವ ದೊಡ್ಡ ಹೆಸರುಗಳು ಎರಡು: ಕ್ಯಾವ್ಕೊ, ಮತ್ತು ದಿವಾಳಿಯಿಂದ ಎದ್ದು ಬಂದು 2018ರಲ್ಲಿ ಸ್ಕೈಲೈನ್ ಜೊತೆ ಸೇರಿಕೊಂಡ ಚಾಂಪಿಯನ್.

ಕ್ಯಾವ್ಕೊದ ಲೆಕ್ಕಪುಸ್ತಕ ಚೆನ್ನಾಗಿಯೇ ಇದೆ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ವ್ಯವಹಾರ ಸುಮಾರು 200 ಕೋಟಿ ಡಾಲರ್, ನಿವ್ವಳ ಲಾಭ 17 ಕೋಟಿ ಡಾಲರ್‌ನಷ್ಟು. ಸಾಲ ಇಲ್ಲವೆನ್ನುವಷ್ಟು ಕಡಿಮೆ, ಕೈಯಲ್ಲಿ ನಗದು ಧಾರಾಳ. ಆ ನಗದಿನಿಂದ ಸಣ್ಣ ಕಂಪೆನಿಗಳನ್ನೂ ತನ್ನದೇ ಷೇರುಗಳನ್ನೂ ಕೊಳ್ಳುತ್ತದೆ. ಡಿವಿಡೆಂಡ್ ಕೊಡುವುದಿಲ್ಲ, ಆದ್ದರಿಂದ ಷೇರಿನ ಬೆಲೆ ಏರಿದರೆ ಮಾತ್ರ ಲಾಭ. ಒಂದು ಕಲೆಯೂ ಉಂಟು: ಕಂಪೆನಿಯ ಹಣದಿಂದ ಇನ್ನೊಂದು ಕಂಪೆನಿಯ ಷೇರು ಕೊಂಡ ವಿಚಾರದಲ್ಲಿ ತನಿಖೆ ಬಂದು 2018ರಲ್ಲಿ ಆಗಿನ ಮುಖ್ಯಸ್ಥರು ಹುದ್ದೆ ಬಿಟ್ಟರು, 2021ರಲ್ಲಿ ಷೇರುಪೇಟೆ ನಿಯಂತ್ರಕರು ಮೊಕದ್ದಮೆ ಹೂಡಿದರು. ಈಗಿನ ಆಡಳಿತ ಬೇರೆಯವರದು.

ಇನ್ನು ಮುಂದಿನ ದಾರಿ. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಲು ತೊಡಗಿತು. ಆ ವರ್ಷ 1 ಲಕ್ಷ 13 ಸಾವಿರ ಮುಟ್ಟಿದ್ದ ಸಾಗಣೆ 2023ರಲ್ಲಿ 89 ಸಾವಿರಕ್ಕೆ ಕುಸಿಯಿತು. ದುಬಾರಿ ಮನೆ ಬಿಟ್ಟು ಜನ ಅಗ್ಗದ ಮನೆಗೆ ಬರುತ್ತಾರೆ ಎಂಬ ಲೆಕ್ಕಾಚಾರ ಅರ್ಧ ಮಾತ್ರ ಸರಿ. ಅಗ್ಗದ ಮನೆಯ ಗಿರಾಕಿಯೂ ಸಾಲದವನೇ, ಅದೂ ಹೆಚ್ಚು ಬಡ್ಡಿಯ ಸಾಲದವನು. ಜಾಗದ ಬಾಡಿಗೆಯೂ ಏರುತ್ತಿದೆ, ಯಾಕೆಂದರೆ ಈ ಮನೆಗಳ ಕಾಲೊನಿಗಳನ್ನು ದೊಡ್ಡ ಹೂಡಿಕೆ ಕಂಪೆನಿಗಳು ಕೊಂಡು ಹಾಕುತ್ತಿವೆ. ಮನೆ ನಿನ್ನದು, ನೆಲ ಅವರದು. ಬಾಡಿಗೆ ಹೆಚ್ಚಾಯಿತೆಂದು ಮನೆ ಹೊತ್ತುಕೊಂಡು ಹೋಗಲಿಕ್ಕೆ ಆಗುತ್ತದೆಯೇ?

ಒಳ್ಳೆಯ ಸುದ್ದಿ ಬರಬಹುದಾದ ಜಾಗ ವಾಷಿಂಗ್ಟನ್. ಮನೆಯಡಿಯ ಉಕ್ಕಿನ ಚಾಸಿ ಕಡ್ಡಾಯ ಎಂಬ ಹಳೆಯ ನಿಯಮ ತೆಗೆದುಹಾಕುವ ಅಂಶವಿದ್ದ ವಸತಿ ಮಸೂದೆಗೆ 2025ರ ಜುಲೈನಲ್ಲಿ ಸೆನೆಟ್‌ನ ಬ್ಯಾಂಕಿಂಗ್ ಸಮಿತಿ ಒಂದೂ ವಿರೋಧವಿಲ್ಲದೆ ಒಪ್ಪಿಗೆ ಕೊಟ್ಟಿತು. ಚಾಸಿ ಹೋದರೆ ಮನೆ ಇನ್ನೂ ಅಗ್ಗ, ನೋಟಕ್ಕೂ ಮಾಮೂಲಿ ಮನೆಯಂತೆ. ಇಂಥ ಮನೆ ನಮ್ಮ ಊರಿಗೆ ಬೇಡ ಎನ್ನುವ ಪಟ್ಟಣಗಳು ಅಲ್ಲಿ ತುಂಬ ಇವೆ, ಆ ತಕರಾರೂ ಸ್ವಲ್ಪ ಸಡಿಲವಾದೀತು. ಆದರೆ ಸಾಲ ಪಡೆದವನನ್ನು ಕಾಯುವ ಕಡೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ತೀರಿಸಲಾಗದವರಿಗೆ ಸಾಲ ಕೊಟ್ಟಿದೆ ಎಂದು ಕ್ಲೇಟನ್‌ನ ಸಾಲದ ಕಂಪೆನಿ ವಾಂಡರ್‌ಬಿಲ್ಟ್ ಮೇಲೆ ಗ್ರಾಹಕ ರಕ್ಷಣಾ ಸಂಸ್ಥೆ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿತ್ತು. ಸರಕಾರ ಬದಲಾದ ಮೇಲೆ ಫೆಬ್ರವರಿಯಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾವಲು ಸಡಿಲವಾದರೆ ಮಾರಾಟ ಏರುತ್ತದೆ, ಷೇರೂ ಏರುತ್ತದೆ. 1998ರಲ್ಲೂ ಏರಿತ್ತು.

ಈಗ ಆ ಹುಡುಗನ ‘ಹರಾಮ್ ಎಂತ ಉಂಟು’ ಎಂಬ ಮಾತಿಗೆ ಬರೋಣ. ಕ್ಯಾವ್ಕೊ ಬರೀ ಮನೆ ಮಾಡುವುದಿಲ್ಲ. ಮನೆಸಾಲ ಕೊಡುವ ಕಂಟ್ರಿಪ್ಲೇಸ್, ವಿಮೆ ಮಾರುವ ಸ್ಟಾಂಡರ್ಡ್ ಕ್ಯಾಶುವಲ್ಟಿ ಎರಡೂ ಅದರದ್ದೇ. ಷೇರುಗಳನ್ನು ಶರೀಅತ್‌ನ ಮಾನದಂಡದಲ್ಲಿ ಅಳೆಯುವ ಹೆಚ್ಚಿನ ಸಂಸ್ಥೆಗಳು ನಿಷಿದ್ಧ ಆದಾಯ ನೂರಕ್ಕೆ 5 ಮೀರಬಾರದು ಎನ್ನುತ್ತವೆ. ಕ್ಯಾವ್ಕೊದ ಸಾಲ ಮತ್ತು ವಿಮೆಯ ವಿಭಾಗದ ಆದಾಯ ನೂರಕ್ಕೆ ಸುಮಾರು 4. ಕಂಪೆನಿ ಕೈಯಲ್ಲಿರುವ ನಗದಿಗೆ ಬರುವ ಬಡ್ಡಿಯನ್ನೂ ಸೇರಿಸಿದರೆ ಗೆರೆಯ ತೀರಾ ಹತ್ತಿರ ಬಂದು ನಿಲ್ಲುತ್ತದೆ. ಒಂದು ವರ್ಷ ಒಳಗೆ, ಇನ್ನೊಂದು ವರ್ಷ ಹೊರಗೆ ಆಗುವ ಷೇರು ಇದು. ಆ್ಯಪಿನಲ್ಲಿ ಹಸಿರು ಗುರುತು ಕಂಡಿತೆಂದು ಸುಮ್ಮನಿರುವಂತಿಲ್ಲ, ಪ್ರತಿ ವರ್ಷ ನೋಡಬೇಕು. ಗೆರೆಯ ಒಳಗಿದ್ದರೂ ಆ ಪಾಲನ್ನು ಲಾಭದಿಂದ ತೆಗೆದು ದಾನ ಮಾಡಬೇಕೆಂಬ ಅಭಿಪ್ರಾಯವಿದೆ. ಉಳಿದದ್ದನ್ನು ನೀವು ನಂಬುವ ಉಸ್ತಾದರಲ್ಲಿ ಕೇಳಿ. ನಾನು ಹೇಳುವುದು ವ್ಯವಹಾರದ ಮಾತು ಮಾತ್ರ: ಉಳಿದ 96 ಪಾಲು ಮನೆ ಮಾರಿದ ಹಣವೇ ಆದರೂ ಅದರ ದೊಡ್ಡ ಭಾಗ ಇನ್ನೊಬ್ಬರು ಬಡ್ಡಿಗೆ ಕೊಟ್ಟ ಸಾಲದಿಂದ ಬಂದದ್ದು.

ಇನ್ನೊಂದು ವಿಷಯ ಆ್ಯಪಿನವರು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದವನ ಹೆಸರಿನಲ್ಲಿ 60 ಸಾವಿರ ಡಾಲರ್ ಮೀರಿದ ಅಮೆರಿಕದ ಷೇರು ಇದ್ದು ಅವನು ತೀರಿಕೊಂಡರೆ, ಮೀರಿದ ಮೊತ್ತದ ಮೇಲೆ ಅಲ್ಲಿಯ ಸರಕಾರ ನೂರಕ್ಕೆ 40ರವರೆಗೆ ವಾರಸು ತೆರಿಗೆ ಹಾಕಬಹುದು. ಮನೆಯ ಹೆಂಗಸರಿಗೆ, ಮಕ್ಕಳಿಗೆ ಇಂಥ ಖಾತೆ ಇರುವುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಪಾಲು ಹಂಚುವ ಹೊತ್ತಿಗೆ ಎಲ್ಲರೂ ಕಕ್ಕಾಬಿಕ್ಕಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೂರು ವರ್ಷದಲ್ಲಿ ತಂಗಿಯ ಮದುವೆಗೆ ಬೇಕಾದ ಹಣ ಇದಾದರೆ ಮುಟ್ಟಬೇಡ, ಈ ಉದ್ಯಮ ಮೂರು ವರ್ಷದಲ್ಲಿ ಅರ್ಧಕ್ಕೆ ಇಳಿಯುವುದನ್ನು ಜನ ನೋಡಿದ್ದಾರೆ. ಹತ್ತು ವರ್ಷ ಮರೆತುಬಿಡಬಹುದಾದ ಸಣ್ಣ ಮೊತ್ತವಾದರೆ, ಕಂಪೆನಿ ಗಟ್ಟಿ, ಉಸ್ತಾದರು ಒಪ್ಪಿದರೆ ನಿನ್ನಿಷ್ಟ. ಕ್ಯಾವ್ಕೊದ ವರ್ಷದ ಫಲಿತಾಂಶ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುತ್ತದೆ. ಆಗ ಲಾಭದ ಅಂಕಿ ಬಿಟ್ಟು ಎರಡು ಸಾಲು ಹುಡುಕಿ ಓದು ಎಂದೆ: ಕೈಯಲ್ಲಿರುವ ಆರ್ಡರ್ ಎಷ್ಟು ವಾರಕ್ಕೆ ಸಾಕು ಎಂಬುದು ಒಂದು, ಗಿರಾಕಿಗಳಿಗೆ ಸಾಲ ಸಿಗುವುದರ ಬಗ್ಗೆ ಕಂಪೆನಿ ಏನು ಬರೆದಿದೆ ಎಂಬುದು ಇನ್ನೊಂದು. ಅವನು ಎರಡನ್ನೂ ಫೋನಿನಲ್ಲಿ ಬರೆದುಕೊಂಡ. ಷೇರು ಇನ್ನೂ ತೆಗೆದಿಲ್ಲ.