ಪಿಯುಸಿ ಪಾಸಾದರೆ ಸಾಕೇ? ಠಾಣೆ, ನವಿ ಮುಂಬೈ ಕಾರುಗಳಲ್ಲಿ ಯಾರೂ ಪರೀಕ್ಷಿಸದ ಕಪ್ಪು ಡಬ್ಬಿ!

ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ. ಡೊಂಬಿವಲಿಯ ಯಾವುದೋ ಹೌಸಿಂಗ್ ಸೊಸೈಟಿಯ ಕೆಳಗಿನ ಪಾರ್ಕಿಂಗ್. ಕಾರುಗಳೆಲ್ಲ ನಿಂತಿವೆ, ಒಂದರ ಎಂಜಿನ್ ಕೂಡ ಚಾಲೂ ಇಲ್ಲ. ಆದರೂ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ಸೈಲೆನ್ಸರ್‌ನಿಂದ ಹೊಗೆಯೇ ಬರದಿದ್ದರೂ ಕಾರು ಗಾಳಿ ಕೆಡಿಸಬಲ್ಲದು ಎನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು.

ಈ ಆವಿಯನ್ನು ತಡೆಯಲೆಂದೇ ಪ್ರತಿ ಪೆಟ್ರೋಲ್ ಕಾರಿನಲ್ಲೂ ಒಂದು ಕಪ್ಪು ಡಬ್ಬಿ ಇರುತ್ತದೆ. ಹೆಸರು ಚಾರ್ಕೋಲ್ ಕ್ಯಾನಿಸ್ಟರ್. ಕಾರು ಹಳೆಯದಾಗಿ ಡಬ್ಬಿಯೋ, ಅದರ ವಾಲ್ವೋ ಕೆಟ್ಟಾಗ ಕೆಲವು ಗ್ಯಾರೇಜ್‌ಗಳಲ್ಲಿ ಸಿಗುವ ಸಲಹೆ ಒಂದೇ: 'ತೆಗೆದುಬಿಡಿ ಸಾರ್, ಏನೂ ಆಗಲ್ಲ'. ನಿಜಕ್ಕೂ ಏನೂ ಆಗುವುದಿಲ್ಲವೇ?

ಪ್ರಶ್ನೆ ಈಗೇಕೆ?

ಮುಂಬೈ ಮಹಾನಗರ ಪ್ರದೇಶದ ವಾಯುಮಾಲಿನ್ಯದ ಬಗ್ಗೆ 2023ರಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡ ಬಾಂಬೆ ಹೈಕೋರ್ಟ್, 2025ರ ಜನವರಿಯಲ್ಲಿ ಪೆಟ್ರೋಲ್-ಡೀಸೆಲ್ ವಾಹನಗಳನ್ನು ಹಂತಹಂತವಾಗಿ ಕೈಬಿಡುವ ಸಾಧ್ಯತೆ ಪರಿಶೀಲಿಸಲು ಸೂಚಿಸಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ನಿವೃತ್ತ ಐಎಎಸ್ ಅಧಿಕಾರಿಯ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಿಎನ್‌ಜಿ ಮತ್ತು ಎಲೆಕ್ಟ್ರಿಕ್ ವಾಹನಗಳಿಗೆ ಮಾತ್ರ ಅವಕಾಶ ನೀಡಬಹುದೇ ಎಂಬುದು ಸಮಿತಿಯ ಮುಂದಿದ್ದ ಪ್ರಶ್ನೆ. ಠಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬೈ ಎಲ್ಲವೂ ಈ ವ್ಯಾಪ್ತಿಯಲ್ಲೇ ಬರುತ್ತವೆ.

ಕೆಲವೇ ತಿಂಗಳಲ್ಲಿ ಸಾರಿಗೆ ಸಚಿವ, ಠಾಣೆಯ ಶಾಸಕರೂ ಆಗಿರುವ ಪ್ರತಾಪ್ ಸರ್‌ನಾಯಕ್ 'ಪಿಯುಸಿ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ' ನೀತಿಯ ಮಾತನಾಡಿದರು. ಆದರೆ ಈ ಚರ್ಚೆ ನಡೆಯುತ್ತಿರುವುದೆಲ್ಲ ಸೈಲೆನ್ಸರ್‌ನ ಬಾಯಿಯ ಸುತ್ತವೇ. ಪೆಟ್ರೋಲ್ ಟ್ಯಾಂಕ್‌ನ ಕಡೆ ನೋಡುವವರಿಲ್ಲ.

ಕಪ್ಪು ಡಬ್ಬಿ ಮಾಡುವುದೇನು?

ಪೆಟ್ರೋಲ್ ಸದಾ ಆವಿಯಾಗುತ್ತಲೇ ಇರುವ ದ್ರವ. ಬಿಸಿಲಿಗೆ ಟ್ಯಾಂಕ್ ಕಾದಷ್ಟೂ ಆವಿ ಹೆಚ್ಚು. ಈ ಆವಿ ಪೈಪ್ ಮೂಲಕ ಕ್ಯಾನಿಸ್ಟರ್‌ಗೆ ಹೋಗುತ್ತದೆ. ಅದರೊಳಗಿನ ಸಕ್ರಿಯ ಇದ್ದಿಲು ಆವಿಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕಾರು ಓಡುವಾಗ ಎಂಜಿನ್ ಕಂಪ್ಯೂಟರ್ 'ಪರ್ಜ್ ವಾಲ್ವ್' ತೆರೆಯುತ್ತದೆ. ಇದ್ದಿಲಿನಲ್ಲಿದ್ದ ಆವಿ ಎಂಜಿನ್‌ಗೆ ಎಳೆಯಲ್ಪಟ್ಟು ಇಂಧನವಾಗಿ ಉರಿಯುತ್ತದೆ. ಅಂದರೆ ಗಾಳಿಗೆ ಹೋಗಬೇಕಿದ್ದ ಪೆಟ್ರೋಲ್ ಮಾಲೀಕನ ಕೆಲಸಕ್ಕೇ ಬರುತ್ತದೆ.

ಭಾರತದ ನಿಯಮದ ಪ್ರಕಾರ ಹೊಸ ಪೆಟ್ರೋಲ್ ಕಾರು ಮಾದರಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಈ ಆವಿಯನ್ನು ಅಳೆಯಲಾಗುತ್ತದೆ. ಒಂದು ಪರೀಕ್ಷೆಯಲ್ಲಿ 2 ಗ್ರಾಂ ಮೀರುವಂತಿಲ್ಲ. ಅಮೆರಿಕದಲ್ಲಿ ಇಂಥ ವ್ಯವಸ್ಥೆ 1970ರ ದಶಕದ ಆರಂಭದಲ್ಲೇ ಕಡ್ಡಾಯವಾಗಿತ್ತು. ಚೀನಾ ತನ್ನ ಆರನೇ ಹಂತದ ನಿಯಮದಲ್ಲಿ ಮಿತಿಯನ್ನು 0.7 ಗ್ರಾಂಗೆ ಇಳಿಸಿದ್ದಲ್ಲದೆ, ಪೆಟ್ರೋಲ್ ತುಂಬಿಸುವಾಗ ಏಳುವ ಆವಿಯನ್ನೂ ಕಾರೇ ಹಿಡಿಯಬೇಕು ಎಂದು ವಿಧಿಸಿದೆ.

ತೆಗೆದರೆ ಲಾಭವೇ?

ಕ್ಯಾನಿಸ್ಟರ್ ತೆಗೆದರೆ ಮೈಲೇಜ್ ಹೆಚ್ಚುತ್ತದೆ, ಪಿಕಪ್ ಸುಧಾರಿಸುತ್ತದೆ ಎಂಬ ಮಾತಿದೆ. ಸುಸ್ಥಿತಿಯಲ್ಲಿರುವ ಕಾರಿಗೆ ಇದರಿಂದ ಯಾವ ಲಾಭವೂ ಇಲ್ಲ. ಉರಿಯಬೇಕಿದ್ದ ಆವಿ ಗಾಳಿಪಾಲಾಗುತ್ತದೆ, ಅಷ್ಟೆ. ಸಾಮಾನ್ಯವಾಗಿ ತೊಂದರೆ ಇರುವುದು ಪರ್ಜ್ ವಾಲ್ವ್‌ನಲ್ಲಿ. ಅದು ತೆರೆದೇ ಉಳಿದರೆ ಐಡ್ಲಿಂಗ್ ಏರುಪೇರಾಗುತ್ತದೆ, ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಗ ವಾಲ್ವ್ ಬದಲಿಸುವ ಬದಲು ಇಡೀ ವ್ಯವಸ್ಥೆಯನ್ನೇ ಕಿತ್ತರೆ ತೊಂದರೆ ಹೋದಂತೆ ಕಾಣುತ್ತದೆ. ಮೈಲೇಜ್ ಹೆಚ್ಚಿತೆಂಬ ಮಾತು ಹುಟ್ಟುವುದೂ ಬಹುಶಃ ಇಲ್ಲಿಂದಲೇ.

ಅಪಾಯ ಎರಡು ಬಗೆಯದು. ಟ್ಯಾಂಕ್‌ನ ಆವಿ ಪೈಪ್‌ಗೆ ಬಿರಡೆ ಹಾಕಿ ಮುಚ್ಚಿದರೆ ಟ್ಯಾಂಕ್‌ಗೆ ಉಸಿರಾಟವಿಲ್ಲ. ಒತ್ತಡ ಹೆಚ್ಚಿ ಸೀಲ್‌ಗಳು ಸೋರಬಹುದು. ತೆರೆದು ಬಿಟ್ಟರೆ ಆವಿ ನೇರ ಹೊರಗೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಗಾಳಿಯಾಡದ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಒಂದು ಕಿಡಿ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಆವಿಯಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ಕೂಡ ಇರುತ್ತದೆ. ಬಿಸಿಲಿನಲ್ಲಿ ಈ ಆವಿ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿ ನೆಲಮಟ್ಟದ ಓಝೋನ್ ಉಂಟುಮಾಡುತ್ತದೆ. ಇದು ಕಣ್ಣಿಗೆ ಕಾಣದು, ಆದರೆ ಅಸ್ತಮಾ ಇರುವವರಿಗೆ ಶತ್ರು. ಡೊಂಬಿವಲಿ ಎಂಐಡಿಸಿ, ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿ, ತಲೋಜಾ ರಾಸಾಯನಿಕ ಘಟಕಗಳ ನಡುವೆ ಬದುಕುವ ಜನರಿಗೆ ಇನ್ನೊಂದು ಮೂಲದ ಆವಿ ಬೇಕಿಲ್ಲ.

ಕಾನೂನು ಇದೆ, ಕಣ್ಣು ಇಲ್ಲ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಅಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಸಾಧ್ಯ. ಮಾಲಿನ್ಯ ನಿಯಮ ಉಲ್ಲಂಘಿಸಿದರೆ ಸೆಕ್ಷನ್ 190 ಅಡಿ ಮೊದಲ ಬಾರಿಗೆ 10,000 ರೂ.ವರೆಗೆ ದಂಡವಿದೆ.

ಆದರೆ ಕಂಡುಹಿಡಿಯುವವರು ಯಾರು? ಪಿಯುಸಿ ಕೇಂದ್ರದಲ್ಲಿ ಸೈಲೆನ್ಸರ್‌ಗೆ ನಳಿಕೆ ಇಟ್ಟು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಟ್ಯಾಂಕ್‌ನಿಂದ ಸೋರುವ ಆವಿ ಆ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಕ್ಯಾನಿಸ್ಟರ್ ಇಲ್ಲದ ಕಾರಿಗೂ ಹಸಿರು ಪ್ರಮಾಣಪತ್ರ ಸಿಗಬಹುದು. ಡ್ಯಾಶ್‌ಬೋರ್ಡ್‌ನ 'ಚೆಕ್ ಎಂಜಿನ್' ದೀಪವನ್ನೂ ಪೂರ್ತಿ ನಂಬುವಂತಿಲ್ಲ. ಅದು ವಾಲ್ವ್‌ನ ವಿದ್ಯುತ್ ಸಂಪರ್ಕ ಕಡಿದರೆ ಎಚ್ಚರಿಸುತ್ತದೆ, ಪೈಪ್ ಕಳಚಿದ್ದನ್ನು ಎಲ್ಲ ಕಾರುಗಳಲ್ಲೂ ಹಿಡಿಯುವುದಿಲ್ಲ.

ಹೀಗಾಗಿ ನಿಯಮ ಪಾಲಿಸುವವನಿಗೆ ಖರ್ಚು, ಮುರಿಯುವವನಿಗೆ ಉಳಿತಾಯ ಎಂಬಂತಾಗಿದೆ. ಹತ್ತು-ಹನ್ನೆರಡು ವರ್ಷ ಹಳೆಯ ಕಾರನ್ನು ಹೇಗೋ ನಿಭಾಯಿಸುತ್ತಿರುವ ಮಧ್ಯಮ ವರ್ಗದವನಿಗೆ ಅಸಲಿ ಬಿಡಿಭಾಗದ ಬೆಲೆ ಹೊರೆಯೇ. ಆತನನ್ನಷ್ಟೇ ದೂರಿ ಪ್ರಯೋಜನವಿಲ್ಲ.

ಸಿಎನ್‌ಜಿ ಇದ್ದರೆ ಚಿಂತೆ ಇಲ್ಲವೇ?

ಈ ಭಾಗದಲ್ಲಿ ಮಹಾನಗರ್ ಗ್ಯಾಸ್ ಪೂರೈಕೆಯಿಂದಾಗಿ ಸಿಎನ್‌ಜಿ ಕಾರುಗಳು ಹೆಚ್ಚು. ಆದರೆ ಅವುಗಳಲ್ಲೂ ಪೆಟ್ರೋಲ್ ಟ್ಯಾಂಕ್ ಇದ್ದೇ ಇರುತ್ತದೆ. ಅದರಲ್ಲಿ ವಾರಗಟ್ಟಲೆ ನಿಂತ ಪೆಟ್ರೋಲ್ ದಿನವೂ ಆವಿಯಾಗುತ್ತಿರುತ್ತದೆ. ಹೊರಗಿನಿಂದ ಕಿಟ್ ಹಾಕಿಸುವಾಗ ಕ್ಯಾನಿಸ್ಟರ್ ಪೈಪ್‌ಗಳು ಮೊದಲಿನಂತೆಯೇ ಇವೆಯೇ ಎಂದು ನೋಡಿಕೊಳ್ಳಬೇಕು.

ಎಥೆನಾಲ್ ಇನ್ನೊಂದು ಕಾರಣ. ಶೇ.20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಚಾಲನೆ ನೀಡಿದ್ದರು; ಈಗ ಅದು ಎಲ್ಲೆಡೆ ಹಬ್ಬಿದೆ. ಪೆಟ್ರೋಲ್‌ಗೆ ಸ್ವಲ್ಪ ಎಥೆನಾಲ್ ಸೇರಿದಾಗ ಆವಿಯ ಒತ್ತಡ ಏರುತ್ತದೆ, ಶೇ.10ರ ಆಸುಪಾಸಿನಲ್ಲಿ ಇದು ಅತಿ ಹೆಚ್ಚು. ರಬ್ಬರ್ ಪೈಪ್‌ಗಳ ಮೂಲಕವೂ ಎಥೆನಾಲ್ ಸುಲಭವಾಗಿ ನುಸುಳುತ್ತದೆ. ಹಳೆಯ ಕಾರುಗಳಲ್ಲಿ ಕ್ಯಾನಿಸ್ಟರ್ ಮತ್ತು ಪೈಪ್‌ಗಳ ಕೆಲಸ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಊರಿಗೆ ಹೊರಟವರಿಗೆ ಒಂದು ಮಾತು

ಬೇಸಿಗೆ ರಜೆ ಬಂದರೆ ಡೊಂಬಿವಲಿ, ಠಾಣೆ, ವಾಶಿಯ ಕನ್ನಡಿಗರು ಕಾರಿನಲ್ಲೇ ಉಡುಪಿ, ಮಂಗಳೂರು, ಬೆಳಗಾವಿಗೆ ಹೊರಡುತ್ತಾರೆ. ದೂರದ ಪ್ರಯಾಣವೆಂದು ಪನ್ವೇಲ್‌ನಲ್ಲಿ 'ಫುಲ್ ಟ್ಯಾಂಕ್' ಹೇಳಿ, ನಳಿಕೆ ತಾನಾಗಿ ನಿಂತ ಮೇಲೂ 'ಇನ್ನೂ ಸ್ವಲ್ಪ' ಎಂದು ತುಂಬಿಸುವುದುಂಟು. ಕ್ಯಾನಿಸ್ಟರ್ ಹಾಳಾಗಲು ಇದು ಮುಖ್ಯ ಕಾರಣಗಳಲ್ಲೊಂದು. ಆವಿ ಹೀರಬೇಕಿದ್ದ ಇದ್ದಿಲಿಗೆ ದ್ರವ ಪೆಟ್ರೋಲ್ ನುಗ್ಗಿದರೆ ಅದು ಮತ್ತೆ ಸರಿಹೋಗುವುದು ಕಷ್ಟ. ಮೊದಲ 'ಕಟ್' ಆದಾಗಲೇ ನಿಲ್ಲಿಸಿದರೆ ಮುಂದಿನ ಖರ್ಚು ತಪ್ಪುತ್ತದೆ.

ಏನು ಮಾಡಬಹುದು?

ಪಿಯುಸಿ ಕೇಂದ್ರದಲ್ಲಿ ಬಾನೆಟ್ ಎತ್ತಿಸಿ ಕ್ಯಾನಿಸ್ಟರ್, ಪೈಪ್‌ಗಳು, ಟ್ಯಾಂಕ್ ಮುಚ್ಚಳದ ಸೀಲ್ ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಕ್ಯಾನಿಸ್ಟರ್ ಹಿಂಬದಿ ಟ್ಯಾಂಕ್ ಬಳಿ ಇರುವ ಕಾರುಗಳಲ್ಲಿ ಕೆಳಗೆ ಬಗ್ಗಿ ನೋಡಬೇಕಾದೀತು. 15 ವರ್ಷದ ನಂತರ ನೋಂದಣಿ ನವೀಕರಣಕ್ಕೆ ಠಾಣೆ, ಕಲ್ಯಾಣ್, ವಾಶಿ ಆರ್‌ಟಿಒಗಳಿಗೆ ಬರುವ ಕಾರುಗಳಲ್ಲಾದರೂ ಈ ತಪಾಸಣೆಯನ್ನು ಆರಂಭಿಸಬಹುದು.

ಪೆಟ್ರೋಲ್ ಕಾರುಗಳನ್ನು ರಸ್ತೆಯಿಂದ ತೆಗೆಯುವ ಚರ್ಚೆ ಮುಗಿಯಲು ವರ್ಷಗಳೇ ಬೇಕಾಗಬಹುದು. ಅಲ್ಲಿಯವರೆಗೆ ಓಡುವ ಕಾರುಗಳಲ್ಲಿ ಈಗಾಗಲೇ ಇರುವ, ಮಾಲೀಕ ಹಣ ಕೊಟ್ಟೇ ಕೊಂಡಿರುವ ಉಪಕರಣವನ್ನು ಉಳಿಸಿಕೊಳ್ಳುವುದಕ್ಕೆ ಹೊಸ ಕಾನೂನೇನೂ ಬೇಡ, ಇರುವ ಕಾನೂನನ್ನು ಟ್ಯಾಂಕ್‌ನವರೆಗೂ ತಲುಪಿಸಿದರೆ ಸಾಕು.