ರೂತ್ ಎಲಿಸ್ ಕಥೆ ಮತ್ತೆ ಹೇಳಿದ್ದೇ ಸರಿ

ಗಲ್ಲಿಗೇರಿದವರ ಬದುಕು ತೆರೆಗೆ ಬಂದಾಗಲೆಲ್ಲ ಒಂದು ಆಕ್ಷೇಪ ಎದ್ದೇ ಏಳುತ್ತದೆ: ಕೊಂದವರ ಮೇಲೆ ಇಷ್ಟು ಕನಿಕರ ಏಕೆ, ಸತ್ತವನಿಗೆ ಹೆತ್ತವರಿರಲಿಲ್ಲವೇ? ಬ್ರಿಟನ್ನಿನಲ್ಲಿ ಕೊನೆಯದಾಗಿ ನೇಣಿಗೇರಿದ ಹೆಣ್ಣು ರೂತ್ ಎಲಿಸ್ ಕುರಿತು 2025ರ ಮಾರ್ಚ್‌ನಲ್ಲಿ ಐಟಿವಿ ಪ್ರಸಾರ ಮಾಡಿದ ‘ಎ ಕ್ರೂಯಲ್ ಲವ್’ ಧಾರಾವಾಹಿಯ ಮೇಲೂ ಇದೇ ಆಕ್ಷೇಪ ಹೊರಿಸಬಹುದು. ನಾನದನ್ನು ಒಪ್ಪಲಾರೆ.

ಅವಳು ಗುಂಡು ಹಾರಿಸಿದ್ದನ್ನು ಯಾರೂ ಅಲ್ಲಗಳೆದಿಲ್ಲ. 1955ರ ಏಪ್ರಿಲ್ 10ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ, ಪಬ್ಬೊಂದರ ಹೊರಗೆ, ಪ್ರಿಯಕರ ಡೇವಿಡ್ ಬ್ಲೇಕ್ಲಿಯನ್ನು ಕೊಂದಳು. ಓಡಿಹೋಗಲಿಲ್ಲ. ಕೋರ್ಟಿನಲ್ಲಿ ಸರ್ಕಾರಿ ವಕೀಲ ಕ್ರಿಸ್ಮಸ್ ಹಂಫ್ರೀಸ್ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಹತ್ತಿರದಿಂದ ಗುಂಡು ಹೊಡೆದಾಗ ನಿನ್ನ ಉದ್ದೇಶವೇನಿತ್ತು? ಕೊಲ್ಲುವುದೇ ಇತ್ತು ಎಂದಳು. ಜ್ಯೂರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೊಲೆಗೆ ಕೆಲವೇ ದಿನ ಮೊದಲು ಬ್ಲೇಕ್ಲಿ ತನ್ನ ಹೊಟ್ಟೆಗೆ ಗುದ್ದಿ ಗರ್ಭ ಹೋಗಿತ್ತು ಎಂಬ ಅವಳ ಮಾತು ಲೆಕ್ಕಕ್ಕೇ ಬರಲಿಲ್ಲ. ಪ್ರಚೋದನೆಯ ವಾದವನ್ನು ಜ್ಯೂರಿಯ ಮುಂದಿಡಲು ನ್ಯಾಯಾಧೀಶ ಸೆಸಿಲ್ ಹ್ಯಾವರ್ಸ್ ಬಿಡಲಿಲ್ಲ. ಪಿಸ್ತೂಲು ಕೊಟ್ಟವನು ಬೇರೊಬ್ಬ ಎಂದು ಅವಳು ಬಾಯಿಬಿಟ್ಟದ್ದು ನೇಣಿನ ಹಿಂದಿನ ದಿನ. ಗೃಹ ಸಚಿವರು ಕರಗಲಿಲ್ಲ. ಜುಲೈ 13ರಂದು ಹಾಲೊವೇ ಜೈಲಿನಲ್ಲಿ ಗಲ್ಲಾಯಿತು.

ಆಗ ಮಗನಿಗೆ 10 ವರ್ಷ, ಮಗಳಿಗೆ 3. ಹ್ಯಾವರ್ಸ್ ಆ ಹುಡುಗನಿಗಾಗಿ ವರ್ಷವರ್ಷವೂ ಹಣ ಕಳಿಸುತ್ತಿದ್ದರು. 1982ರಲ್ಲಿ ಅವನು ತಾಯಿಯ ಸಮಾಧಿಕಲ್ಲನ್ನು ಒಡೆದುಹಾಕಿದ, ಆಮೇಲೆ ಆತ್ಮಹತ್ಯೆ ಮಾಡಿಕೊಂಡ. ಅಂತ್ಯಕ್ರಿಯೆಯ ಖರ್ಚು ಕೊಟ್ಟವರು ಅದೇ ಹಂಫ್ರೀಸ್. ಧಾರಾವಾಹಿಯಲ್ಲಿ ನ್ಯಾಯಾಧೀಶರ ಪಾತ್ರ ಮಾಡಿದವರು ಅವರ ಸ್ವಂತ ಮೊಮ್ಮಗ, ನಟ ನೈಜೆಲ್ ಹ್ಯಾವರ್ಸ್. ಗಲ್ಲಿಗೆ ವಾದಿಸಿದವರನ್ನೂ ಗಲ್ಲು ವಿಧಿಸಿದವರನ್ನೂ ಆ ಮಗುವಿನ ಋಣ ಬಿಡಲಿಲ್ಲ ಎಂದಮೇಲೆ, ಈ ಕಥೆ ಹೇಳುವುದನ್ನು ಕೊಲೆಗಾತಿಯ ಗುಣಗಾನ ಎನ್ನುವುದು ಹೇಗೆ?

ಬ್ಲೇಕ್ಲಿ ಬಂದು ತನ್ನ ಮಾತು ಹೇಳಲಾರ, ನಿಜ. ಅದಕ್ಕೇ ಇಂಥ ಧಾರಾವಾಹಿ ಅವನನ್ನು ಬರೀ ರಾಕ್ಷಸನಾಗಿಸಬಾರದು. ಆ ಎಚ್ಚರವನ್ನು ಕೇಳುವ ಹಕ್ಕು ಅವನ ಮನೆಯವರಿಗಿದೆ. ಆದರೆ ಅವನಿಗೆ ನ್ಯಾಯ ಸಿಗಲು ರೂತ್ ಸಾಯಲೇಬೇಕಿರಲಿಲ್ಲ. ಎರಡೇ ವರ್ಷದಲ್ಲಿ, 1957ರಲ್ಲಿ, ಮನಸ್ಸಿನ ಸ್ಥಿತಿ ನೋಡಿ ಹೊಣೆ ತಗ್ಗಿಸುವ ಕಾನೂನು ಬಂತು. 2003ರಲ್ಲಿ ರೂತ್ ಮನೆಯವರ ಮೇಲ್ಮನವಿ ಬಂದಾಗ, ಅಂದಿನ ಕಾನೂನಿನಂತೆ ತೀರ್ಪು ಸರಿ ಎಂದು ಕೋರ್ಟು ತಳ್ಳಿಹಾಕಿತು. ಕಾನೂನಿನ ಲೆಕ್ಕಕ್ಕೆ ಅದು ಸರಿಯಿರಬಹುದು. ತಾಯಿಯಿಲ್ಲದೆ ಬೆಳೆದ ಮಕ್ಕಳಿಗೆ ಆ ಗಲ್ಲಿನಿಂದ ಏನು ಸಿಕ್ಕಿತು?

ಇದು ದೂರದ ಕಥೆಯೆಂದು ನಾವು ಪಕ್ಕಕ್ಕಿಡುವಂತಿಲ್ಲ. 2013ರ ಫೆಬ್ರುವರಿ 9ರಂದು ತಿಹಾರ್ ಜೈಲಿನಲ್ಲಿ ಸಂಸತ್ ದಾಳಿ ಪ್ರಕರಣದ ಅಪರಾಧಿ ಅಫ್ಜಲ್ ಗುರುವಿಗೆ ಗಲ್ಲಾಯಿತು. ವಿಷಯ ತಿಳಿಸುವ ಸ್ಪೀಡ್ ಪೋಸ್ಟ್ ಕಾಶ್ಮೀರದ ಮನೆಗೆ ಬಂದದ್ದು ಎರಡು ದಿನ ಕಳೆದು. ಮನೆಯವರಿಗೆ ಮೊದಲೇ ತಿಳಿಸಬೇಕು, ಕಡೆಯ ಭೇಟಿಗೆ ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು 2014ರ ಜನವರಿಯಲ್ಲಿ. ಅದೇ ತೀರ್ಪಿನಿಂದ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ವೀರಪ್ಪನ್ ತಂಡದ ಪಾಲಾರ್ ಸ್ಫೋಟ ಪ್ರಕರಣದ ನಾಲ್ವರು ಅಪರಾಧಿಗಳ ಗಲ್ಲು ಜೀವಾವಧಿಗೆ ಇಳಿಯಿತು.

ರೂತ್‌ಳ ಮೊಮ್ಮಕ್ಕಳು 2025ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಷರತ್ತಿನ ಕ್ಷಮಾದಾನದ ಅರ್ಜಿ ಕೊಟ್ಟರು. ಅವಳು ನಿರಪರಾಧಿ ಎಂದು ಅವರು ವಾದಿಸುತ್ತಿಲ್ಲ. ಅಪರಾಧ ದಾಖಲೆಯಲ್ಲಿ ಹಾಗೆಯೇ ಉಳಿಯಲಿ, ಗಲ್ಲು ಕೊಟ್ಟದ್ದು ತಪ್ಪೆಂದು ಸರ್ಕಾರ ಒಪ್ಪಲಿ ಎಂಬುದಷ್ಟೇ ಕೋರಿಕೆ. ಅದನ್ನು ಈಡೇರಿಸಲೇಬೇಕು.