ಎದೆಗೆ ತಾಗುವ ಸದ್ದು ಮತ್ತು ಹತ್ತಡಿಯ ಕೋಣೆ

ಚೆನ್ನೈನ ಮೌಂಟ್ ರೋಡಿಗೆ ಅಂಟಿಕೊಂಡಿರುವ ರಿಚಿ ಸ್ಟ್ರೀಟ್ ಎಂದರೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದಹಾಗೆ. ಎಲೆಕ್ಟ್ರಾನಿಕ್ ಸಾಮಾನೆಲ್ಲ ಅಲ್ಲೇ. ಇಂಥ ಬೀದಿಗಳಲ್ಲಿ ಸ್ಪೀಕರ್ ಮಾರಾಟವಾಗುವುದು ಇಂಚಿನ ಲೆಕ್ಕದಲ್ಲಿ: ಎಂಟು, ಹತ್ತು, ಹನ್ನೆರಡು. ಥಿಯೇಟರಿನಲ್ಲಿ ಎದೆ ಅದುರಿದ ಹಾಗೆ ಮನೆಯಲ್ಲೂ ಅದುರಲಿ ಎಂಬ ಆಸೆಯಿಂದ ದೊಡ್ಡದನ್ನೇ ಹೊತ್ತು ತಂದವರು ವಾರದೊಳಗೆ ಗೊಣಗತೊಡಗುತ್ತಾರೆ. ಸದ್ದು ಗುಂಯ್ ಎನ್ನುತ್ತದೆಯೇ ಹೊರತು ಎದೆಗೆ ತಾಗುವುದಿಲ್ಲ. ತಪ್ಪು ಹೆಚ್ಚಿನ ಸಲ ಡಬ್ಬಿಯದಲ್ಲ, ಕೋಣೆಯದು. ಆದರೆ ಕೋಣೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲವಲ್ಲ!

ಇಂಚಿಗೂ ಬೆಲೆಯಿದೆ, ಇಲ್ಲವೆನ್ನುವಂತಿಲ್ಲ. ತಗ್ಗಿನ ಸದ್ದೆಂದರೆ ಗಾಳಿಯನ್ನು ತಳ್ಳುವ ಕೆಲಸ. ಕಂಪನ ಸಂಖ್ಯೆ ಅರ್ಧಕ್ಕೆ ಇಳಿದರೆ ಅದೇ ಜೋರಿಗೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಆರು ಇಂಚಿನ ಕೋನ್ 80 ಹರ್ಟ್ಸ್‌ನಲ್ಲಿ ಮಾಡುವುದನ್ನು 40 ಹರ್ಟ್ಸ್‌ನಲ್ಲಿ ಅಷ್ಟೇ ಓಲಾಟದಿಂದ ಮಾಡಲು ಹನ್ನೆರಡು ಇಂಚಿನದೇ ಬೇಕು. ಕಿವಿಯೂ ಇಲ್ಲಿ ಮಂದ: 20 ಹರ್ಟ್ಸ್ ಸದ್ದು ಕೇಳಿಸಲು ಶುರುವಾಗುವುದೇ 78 ಡೆಸಿಬೆಲ್ ಆಸುಪಾಸಿನಲ್ಲಿ. ಮೈಗೆ ತಾಗಬೇಕಾದರೆ ಇನ್ನೂ ಮೇಲೆ ಹೋಗಬೇಕು.

ಆದರೆ 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್‌ಗೂ ಹೆಚ್ಚು. ಫ್ಲ್ಯಾಟಿನ ಕೋಣೆ ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ಅಲೆ ಗೋಡೆಗೆ ಬಡಿದು ಹಿಂದಿರುಗಿ ತನ್ನ ಮೇಲೆ ತಾನೇ ಬೀಳುತ್ತದೆ. ಈ ಅಳತೆಯಲ್ಲಿ ಸುಮಾರು 47 ಮತ್ತು 57 ಹರ್ಟ್ಸ್ ಉಬ್ಬಿಕೊಳ್ಳುತ್ತವೆ. ಅಗಲ, ಎತ್ತರ ಎರಡೂ ಒಂದೇ ಆದ್ದರಿಂದ 57ಕ್ಕೆ ಎರಡು ಪಾಲು. ಸಂಗೀತ ಯಾವುದಿದ್ದರೂ ಅದೇ ಸ್ವರ ಗುಂಯ್‌ಗುಡುತ್ತಿರುತ್ತದೆ. ಅದೇ 47 ಹರ್ಟ್ಸ್ ಸೋಫಾ ಕೋಣೆಯ ನಡುಮಧ್ಯದಲ್ಲಿದ್ದರೆ ಹೆಚ್ಚುಕಡಿಮೆ ಮಾಯ, ಗೋಡೆಯ ಪಕ್ಕದಲ್ಲಿ ಜೋರು. ಸಿಮೆಂಟು ಗೋಡೆ ಈ ಸದ್ದನ್ನು ಹೀರುವುದಿಲ್ಲ. ತೆಳು ಪರದೆ, ಮೊಟ್ಟೆಯ ಟ್ರೇ ಅಂಟಿಸಿಯೂ ಪ್ರಯೋಜನವಿಲ್ಲ. ಚೆನ್ನೈ ಸೆಕೆಗೆ ಕಿಟಕಿ ತೆರೆದರೆ 47ಕ್ಕಿಂತ ಕೆಳಗಿನ ಒತ್ತಡ ಹೊರಗೆ ಸೋರುತ್ತದೆ. ಎ.ಸಿ. ಹಾಕಿ ಮುಚ್ಚಿದ ಕೋಣೆಯಲ್ಲಿ ಅದೇ ಡಬ್ಬಿ ಬೇರೆಯೇ ಆಗಿ ಕೇಳಿಸುತ್ತದೆ.

ರಾಯಪೇಟೆಯ ಸತ್ಯಂನಂಥ ದೊಡ್ಡ ಸಭಾಂಗಣದ ಕಥೆ ಬೇರೆ. ಮೂವತ್ತು ಮೀಟರ್ ಉದ್ದದ ಜಾಗದಲ್ಲಿ ಮೊದಲ ಉಬ್ಬು ಆರು ಹರ್ಟ್ಸ್‌ನ ಹತ್ತಿರ, ಕೇಳುವ ಪಟ್ಟಿಯ ಕೆಳಗೇ. ಅಲ್ಲಿಂದ ಮೇಲೆ ಉಬ್ಬುಗಳು ಒತ್ತೊತ್ತಾಗಿ ಬಂದು ಒಂದನ್ನೊಂದು ಮುಚ್ಚುತ್ತವೆ. ಅಷ್ಟು ಗಾಳಿ ತಳ್ಳಲು ಹದಿನೆಂಟು ಇಂಚಿನವು ಹಲವು ಬೇಕು, ನಿಜ. ಆದರೆ ಆ ಅನುಭವದ ಅರ್ಧ ಪಾಲು ಜಾಗದ್ದು. ಅದನ್ನು ಹತ್ತಡಿಯ ಕೋಣೆಗೆ ಕೊಂಡು ತರಲಾಗದು. ಇದೇ ಮದರಾಸಿನಲ್ಲಿ ಧ್ವನಿಮುದ್ರಣಗೊಂಡ ಪಿ.ಬಿ. ಶ್ರೀನಿವಾಸರ ಹಾಡುಗಳನ್ನು ಕನ್ನಡಿಗರು ಅಂಗೈಯಗಲದ ರೇಡಿಯೊ ಸ್ಪೀಕರಿನಲ್ಲಿ ಕೇಳಿದರು. ಎದೆ ಅದುರಲಿಲ್ಲವೆಂದು ಯಾರೂ ದೂರಲಿಲ್ಲ ಎಂಬುದು ಬೇರೆ ಮಾತು.

ಹಾಗಾಗಿ ಹನ್ನೆರಡು ಇಂಚಿನ ಒಂದಕ್ಕಿಂತ ಎಂಟು ಇಂಚಿನ ಎರಡು, ಕೋಣೆಯ ಎದುರುಬದುರು ಗೋಡೆಗಳಲ್ಲಿ ಇಡುವುದು ಜಾಣತನ. ಒಂದೇ ಇದ್ದರೆ ಅದನ್ನು ತಾತ್ಕಾಲಿಕವಾಗಿ ಕೂರುವ ಜಾಗದಲ್ಲಿಟ್ಟು, ಗೋಡೆಯಂಚಿನಲ್ಲಿ ನೆಲಕ್ಕೆ ಬಗ್ಗಿ ತಿರುಗಾಡಿ, ಸದ್ದು ಸಮನಾಗಿ ಕೇಳಿಸುವ ಕಡೆಗೆ ಡಬ್ಬಿಯನ್ನು ಸರಿಸಬೇಕು. ಮನೆಯವರು ನಗುತ್ತಾರೆ, ನಗಲಿ.

ಕೆಳಮನೆಯವರು ಮಾತ್ರ ನಗಲಾರರು. ತಗ್ಗಿನ ಸದ್ದು ಗೋಡೆ ದಾಟುವುದರಲ್ಲಿ ಪಳಗಿದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್, ಅದೂ ‘ಎ’ ಮಾಪನದಲ್ಲಿ. ಈ ಮಾಪನ 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಕೆಳಮನೆಯ ಮಂಚ ನಡುಗಿಸುವ 75 ಡೆಸಿಬೆಲ್ ಗುಡುಗು ಮೀಟರಿನಲ್ಲಿ 45ರ ಹತ್ತಿರವೇ ನಿಲ್ಲುತ್ತದೆ. ನಿಯಮ ಮೀರಿದ್ದೇ ಇಲ್ಲ ಎಂದು ಮೇಲಿನ ಮನೆಯವರು ವಾದಿಸಬಹುದು. ತಗ್ಗಿನ ಸದ್ದಿಗೆ ‘ಸಿ’ ಮಾಪನದಲ್ಲಿ ಬೇರೆ ಮಿತಿಯೇ ಬರಬೇಕು. ಅಲ್ಲಿಯವರೆಗೆ ರಾತ್ರಿ ಹತ್ತಾದ ಮೇಲೆ ಸಬ್‌ವೂಫರಿನ ಸ್ವಿಚ್ ಆರಿಸುವುದು ಮೇಲಿನ ಮನೆಯವರ ಕೈಯಲ್ಲೇ ಇದೆ.